ಚಂದ್ರವ್ವನ ಕೆಮ್ಮು

ಸತ್ತ ಮರ ಕೊಳೆಸುವ ಅಣಬೆ ಹುಡುಕುವುದು ನನ್ನ ಕೆಲಸ. ನೆಲೋಗಿಯ ಹೊಲವೊಂದರಲ್ಲಿ ಜಾಲಿ ಬೊಡ್ಡೆಯಿಂದ ಎರಡು ಅಣಬೆ ಕಿತ್ತು, ಒಂದೇ ಜಾತಿಯೆಂದು ಒಂದೇ ಚೀಟಿ ಅಂಟಿಸುತ್ತಿದ್ದೆ. ಹೊಲದೊಡತಿ ಶರಣಮ್ಮ ತಡೆದರು.

"ಅವೆರಡೂ ಬ್ಯಾರೆ ಬ್ಯಾರೇರಿ. ಕೊಟ್ಟಿಗ್ಯಾಗ ಇದರ ಹೊಗಿ ಹಾಕಿದ್ರ ಸೊಳ್ಳಿ ಓಡ್ತಾವ. ಅದರ ಹೊಗಿ ಹಾಕಿದ್ರ ನಮ್ಮ ಎಮ್ಮಿ ಚಂದ್ರವ್ವ ಕೆಮ್ಮತಾಳ."

ಅವರ ಮನಸ್ಸು ನೋಯಬಾರದೆಂದಷ್ಟೇ ಎರಡು ಚೀಟಿ ಬರೆದೆ.

ಡಿಎನ್‌ಎ ಫಲಿತಾಂಶ ಬಂದಾಗ ಕುರ್ಚಿಯಿಂದ ಎದ್ದುಬಿಟ್ಟೆ. ಎರಡೂ ಬೇರೆ, ಕೆಮ್ಮಿಸುವ ಅಣಬೆ ಯಾವ ದಾಖಲೆಗೂ ತಾಳೆಯಾಗಲಿಲ್ಲ. ಸೂಕ್ಷ್ಮದರ್ಶಕದಲ್ಲಿ ಅದರ ಬೀಜಕಣದ ಆಕಾರವೂ ಬೇರೆಯೇ. ಹೊಸ ಜಾತಿ ಎಂದು ಸಾಧಿಸಲು ಇನ್ನಷ್ಟು ಮಾದರಿ ಬೇಕಿತ್ತು. ಮರುದಿನವೇ ಬಸ್ ಹತ್ತಿದೆ.

ಹೊಲದಲ್ಲಿ ಬೊಡ್ಡೆಯೇ ಇರಲಿಲ್ಲ. ನನ್ನ ಮುಖ ನೋಡಿ ಶರಣಮ್ಮ ಕೊಟ್ಟಿಗೆಯಿಂದ ಬುಟ್ಟಿಯೊಂದನ್ನು ತಂದರು.

"ಬೊಡ್ಡಿ ಒಲಿಗಿ ಹೋತು, ಚೊಲೋ ಅಣಬಿ ಹೊಗಿಗಿ ಹೋತು. ಚಂದ್ರವ್ವಗ ಆಗಲಾರದ್ದು ಹಂಗೇ ಬಿದ್ದದ."

ಬುಟ್ಟಿ ತುಂಬ ಹೊಸ ಜಾತಿ. ನಾನು ಕುಣಿಯುವುದೊಂದು ಬಾಕಿ. ಪ್ರಯೋಗಾಲಯದ ಕಥೆಯನ್ನೆಲ್ಲ ಹೇಳಿದೆ.

"ಇಷ್ಟಕ್ಕ ಮಷೀನ್ ಬೇಕಾತೇನ್ರಿ? ಚಂದ್ರವ್ವ ಅವತ್ತೇ ಹೇಳಿದ್ಲಲ್ಲ."

ಪ್ರಬಂಧದ ಕೊನೆಯಲ್ಲಿ ಶರಣಮ್ಮ, ಚಂದ್ರವ್ವ ಇಬ್ಬರಿಗೂ ಕೃತಜ್ಞತೆ ಬರೆದೆ. ಚಂದ್ರವ್ವನವರು ಯಾವ ಸಂಸ್ಥೆಯವರು ಎಂದು ಸಂಪಾದಕರು ಕೇಳಿದ್ದಾರೆ.