ಖಾಲಿ ಜೀಪಿನ ಕುಣಿತ

ಆಪರೇಷನ್ ಆದಮೇಲೆ ನನ್ನ ಸೊಂಟ ನನ್ನದಾಗಿ ಉಳಿಯಲಿಲ್ಲ. ಮನೆಯವರೆಲ್ಲ ಅದಕ್ಕೆ ವಾರಸುದಾರರಾದರು. ಅಜ್ಜಂಪುರದ ಮನೆಯಿಂದ ಬುಕ್ಕಾಂಬುಧಿ ಕಡೆಯ ತೆಂಗಿನ ತೋಟಕ್ಕೆ ವರ್ಷಗಟ್ಟಲೆ ನಾನೇ ಜೀಪು ಓಡಿಸಿಕೊಂಡು ಹೋದವಳು. ಜೀಪು ಓಡಿಸಬಹುದು, ಕುಲುಕಾಟ ಮಾತ್ರ ಬೇಡ ಎಂದು ಡಾಕ್ಟರೂ ಹೇಳಿದ್ದರು. ಆದರೆ ನನ್ನ ಗಂಡ ಷರತ್ತು ಹಾಕಿದರು: ಇನ್ನೊಂದು ಸಲ ನೋವೆಂದು ಮಲಗಿದರೆ ಕೀ ಅವರ ಕೈಗೆ, ತೋಟ ಗುತ್ತಿಗೆಗೆ.

ಅಷ್ಟಕ್ಕೇ ಬಿಡಲಿಲ್ಲ. ನನ್ನ ಮೇಲಿನ ಅಕ್ಕರೆಯಿಂದಲೇ ಜೀಪನ್ನು ತರೀಕೆರೆಯ ಗ್ಯಾರೇಜಿಗೆ ಒಯ್ದು, ಅಡಿಯ ಸ್ಪ್ರಿಂಗಿಗೆ ಇನ್ನೊಂದು ಉಕ್ಕಿನ ಪ್ಲೇಟು ಸೇರಿಸಿ, ಟೈರಿಗೆ ಕಲ್ಲಿನಂತೆ ಗಾಳಿ ತುಂಬಿಸಿ ತಂದರು. ಗಾಡಿ ಗಟ್ಟಿಯಾದಷ್ಟೂ ಕುಲುಕಾಟ ಕಮ್ಮಿ ಎಂಬುದು ಅವರ ಲೆಕ್ಕ.

"ಹಿಂದೆ ಯಾರ್ನೂ ಕೂರಿಸ್ಬೇಡ ಕಣೇ. ಒಂದು ಕಾಯೀನೂ ಹಾಕ್ಬೇಡ. ಹಗುರಾಗಿ ಹೋಗಿ ಹಗುರಾಗಿ ಬಾ."

ಹಗುರವಂತೆ! ಕೆರೆ ಹಿಂದಿನ ಮಣ್ಣುದಾರಿಯಲ್ಲಿ ಒಂದೊಂದು ಕಲ್ಲೂ ಸೀದಾ ನನ್ನ ಸೊಂಟಕ್ಕೆ ಬಂದು ಬಡಿಯಿತು. ಖಾಲಿ ಜೀಪು ಹಗ್ಗ ಬಿಚ್ಚಿದ ಹೋರಿಯಂತೆ ಕುಣಿಯಿತು. ತೋಟ ಸೇರುವಷ್ಟರಲ್ಲಿ ಕಣ್ಣಲ್ಲಿ ನೀರು. ಹೇಳಿಕೊಂಡರೆ ಕೀ ಹೋಗುತ್ತದೆ, ಹೇಳದಿದ್ದರೆ ಸೊಂಟ ಹೋಗುತ್ತದೆ. ಸಿಟ್ಟು ನೆತ್ತಿಗೇರಿತು.

ಸಂಜೆ ಕಾಯಿ ಆರಿಸುವ ಹೆಂಗಸರು ನಡೆದೇ ಊರಿಗೆ ಹೊರಟಿದ್ದರು. ಯಾವಾಗಲೂ ನನ್ನ ಜೀಪಿನಲ್ಲೇ ಬರುತ್ತಿದ್ದವರು.

"ಹತ್ರೇ ಎಲ್ರೂ! ಚೀಲಾನೂ ಎತ್ತಿ ಹಾಕ್ರೇ. ಏನಾಗುತ್ತೋ ನೋಡೇಬಿಡಾಣ."

ಕಾಯಿಚೀಲ, ಹೆಂಗಸರು, ಅವರ ಬುತ್ತಿ ಚೀಲ ಎಲ್ಲ ಸೇರಿದಾಗ ಜೀಪು ಮೆಲ್ಲಗೆ ಕುಗ್ಗಿತು. ಅದೇ ದಾರಿ, ಅದೇ ಕಲ್ಲು, ಆದರೆ ಕುಣಿತ ಅರ್ಧಕ್ಕೆ ಇಳಿದಿತ್ತು. ಭಾರ ಹೊರಲೆಂದು ಮಾಡಿದ ಪ್ಲೇಟು ಭಾರವಿಲ್ಲದೆ ಬಾಗುವುದಾದರೂ ಹೇಗೆ? ಬಾಗದ ಪ್ಲೇಟು, ಬಿರುಸು ಟೈರು, ಎರಡೂ ಸೇರಿ ಪೆಟ್ಟನ್ನೆಲ್ಲ ನನಗೇ ದಾಟಿಸುತ್ತಿದ್ದವು. ನನ್ನ ಸೊಂಟ ಇದನ್ನು ನನಗಿಂತ ಮೊದಲೇ ತಿಳಿದುಕೊಂಡಿತು.

ಮರುದಿನ ಒಬ್ಬಳೇ ತರೀಕೆರೆಗೆ ಹೋಗಿ ಗ್ಯಾರೇಜಿನವನಿಗೆ ಹೊಸ ಪ್ಲೇಟು ತೆಗೆ, ಮಣ್ಣುದಾರಿಗೆ ತಕ್ಕಷ್ಟು ಗಾಳಿ ಇಳಿಸು ಎಂದೆ.

"ಸಾರ್ ಬಯ್ತಾರೆ ಕಣಮ್ಮ," ಅಂದ.

"ಸಾರ್ನ ಕೇಳ್ಕೊಂಡು ನನ್ ಸೊಂಟ ನೋಯುತ್ತೇನಪ್ಪಾ? ತೆಗಿ."

ತೆಗೆದ. ಮಾರನೆಯ ಬೆಳಿಗ್ಗೆ ಮನೆ ಮುಂದೆ ಹೆಂಗಸರು ಜೀಪು ಹತ್ತುತ್ತಿದ್ದಾಗ ನನ್ನ ಗಂಡ ಹೊರಗೆ ಬಂದರು. ಹೊಟ್ಟೆ ಬಿಟ್ಟ ಟೈರು ನೋಡಿ ಮುಖ ಕೆಂಪಾಯಿತು.

"ಕೀ ಕೊಡೇ ಇಲ್ಲಿ."

"ಕೊಡಲ್ಲ. ನೀವೂ ಬನ್ನಿ, ಹಿಂದೆ ಕೂತ್ಕಳಿ. ಹೋಗ್ವಾಗ ಕಾಯಿಲ್ಲ, ಭಾರ ಬೇಕು."

ಹೆಂಗಸರು ಕಿಸಕ್ಕೆಂದರು. ಬೀದಿಯಲ್ಲಿ ಜಗಳ ಯಾಕೆಂದೋ ಏನೋ, ಇವರೂ ಹತ್ತಿದರು. ಇವಳು ನರಳುವುದನ್ನು ಕಣ್ಣಾರೆ ನೋಡಿ ಕೀ ಕಿತ್ತುಕೊಳ್ಳುತ್ತೇನೆಂಬ ಹಟವೂ ಇದ್ದಿರಬೇಕು. ಎರಡೂ ಕೈಯಲ್ಲಿ ಕಂಬಿ ಹಿಡಿದು ಕೂತರು.

ಮಣ್ಣುದಾರಿ ಶುರುವಾಯಿತು. ನಾನು ನಿಧಾನಕ್ಕೆ ಬಿಟ್ಟೆ. ಸೊಂಟ ಸುಮ್ಮನಿತ್ತು. ಕನ್ನಡಿಯಲ್ಲಿ ನೋಡಿದರೆ ಕಂಬಿಯಿಂದ ಅವರ ಕೈ ಜಾರಿತ್ತು. ಕಾಯಿ ಆರಿಸುವ ಹಿರಿಯಾಕೆಯ ಭುಜಕ್ಕೆ ತಲೆಯಾನಿಸಿ ಬಾಯಿ ತೆರೆದುಕೊಂಡು ನಿದ್ದೆ ಮಾಡುತ್ತಿದ್ದರು.

ತೋಟ ಬಂತು. ಕೀ ಕಳಚಿ ಸೆರಗಿಗೆ ಗಂಟು ಹಾಕಿಕೊಂಡೆ. ಆಮೇಲೆ ಅವರನ್ನು ಎಬ್ಬಿಸಿದೆ.