ಲಗಮವ್ವನ ಬಲಗೈ ಕಟ್ಟಿದ ತಾಸು

ನಮ್ಮ ಅಲಖನೂರಿನಲ್ಲಿ ಲಗಮವ್ವನ ಮನೆಗೆ ದಾರಿ ಕೇಳಲು ಹೋದವರೂ ಉಂಡೇ ಹೊರಗೆ ಬರುತ್ತಾರೆ. ಕರೆಂಟಿನ ಮೀಟರ್ ನೋಡಲು ಬಂದವನು ಉಂಡಿದ್ದಾನೆ, ಪೋಲಿಯೋ ಹನಿ ಹಾಕಲು ಬಂದ ನರ್ಸಮ್ಮ ಉಂಡಿದ್ದಾಳೆ. ಆಕೆಯ ಆಡು ಹೊಕ್ಕು ಕಬ್ಬಿನ ಸುಳಿ ತಿಂದವೆಂದು ಜಗಳ ತೆಗೆಯಲು ಬಂದವನೊಬ್ಬ ಎರಡು ರೊಟ್ಟಿ, ಒಂದು ಬಟ್ಟಲು ಝುಣಕ ಮುಗಿಸಿ, ಬಂದ ಕೆಲಸವನ್ನು ಅರ್ಧಕ್ಕೇ ಬಿಟ್ಟು ಹೋದ. ಹೊಟ್ಟೆ ತುಂಬಿತು ಎಂಬ ಮಾತನ್ನು ಆಕೆ ಜನ್ಮದಲ್ಲಿ ನಂಬಿದವಳಲ್ಲ. ತಾಟಿನ ಮೇಲೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದ ಬಡಿಸುತ್ತಾಳೆ. ಪಕ್ಕದ ಹಿಟ್ಟಿನ ಗಿರಣಿ ನನ್ನದು. ಗೋಡೆಗೆ ಗೋಡೆ ಹತ್ತಿಕೊಂಡಿರುವುದರಿಂದ, ನನ್ನ ಹೊಟ್ಟೆ ಈಗಿನ ಆಕಾರಕ್ಕೆ ಬಂದದ್ದರಲ್ಲಿ ನನ್ನ ಪಾಲು ಕಡಿಮೆ.

ಆಕೆಯ ಮಗ ಭರಮು, ಸೊಸೆ ಸುಗಂಧಾ ಕುರಿಹಿಂಡು ಹೊಡೆದುಕೊಂಡು ವರ್ಷದ ಬಹುಪಾಲು ಕೊಲ್ಲಾಪುರದ ಕಡೆಗೆ ಇರುವವರು. ಮಗಳು ಉಜ್ವಲಾಳನ್ನು ಅಜ್ಜಿಯ ಹತ್ತಿರವೇ ಬಿಟ್ಟಿದ್ದರು. ಹುಟ್ಟಿದಾಗ ಆ ಕೂಸು ಬೇಗ ಅಳಲಿಲ್ಲ. ಉಸಿರು ಸಾಲದೆ ಮೆದುಳಿಗೆ ಪೆಟ್ಟಾಗಿತ್ತು. ಬಲಗೈ ಮಡಚಿಕೊಂಡು ಎದೆಗೆ ಒತ್ತಿರುತ್ತಿತ್ತು, ಮುಷ್ಟಿ ಬಿಚ್ಚುತ್ತಿರಲಿಲ್ಲ. ಎಡಗೈ ಮಾತ್ರ ಬಲು ಚುರುಕು. ಅದು ಆಡಿನ ಬಾಲ ಎಳೆಯಬಹುದಿತ್ತು, ನನ್ನ ಗಿರಣಿಯ ಹಿಟ್ಟು ಚೆಲ್ಲಬಹುದಿತ್ತು, ಆದರೆ ಅನ್ನ ಮುಟ್ಟುವಂತಿರಲಿಲ್ಲ. ಎಡಗೈಯಿಂದ ಉಣ್ಣುವುದು ಲಗಮವ್ವನ ಮನೆಯಲ್ಲಿ ನಡೆಯದ ಮಾತು. ಹೀಗಾಗಿ ಉಜ್ವಲಾಳಿಗೆ ಆರು ವರ್ಷ ತುಂಬಿದರೂ ಪ್ರತಿ ತುತ್ತನ್ನೂ ಅಜ್ಜಿ, ಅಂದರೆ ಅವಳ ಆಯಿಯೇ ಬಾಯಿಗಿಡುತ್ತಿದ್ದಳು. ಇದರಲ್ಲಿ ಇಬ್ಬರಿಗೂ ಏನೂ ಕೊರತೆ ಕಂಡಿರಲಿಲ್ಲ.

೨೦೧೨ರಲ್ಲಿ ಶಾಲೆಗೆ ಹೆಸರು ಹಚ್ಚಲು ಹೋದಾಗ ಗುರುಗಳು ರಾಯಬಾಗಕ್ಕೆ ತೋರಿಸಿಕೊಂಡು ಬರಲು ಹೇಳಿದರು. ಅಲ್ಲಿ ನಿಪ್ಪಾಣಿಯಿಂದ ವಾರಕ್ಕೊಮ್ಮೆ ಶುಭಾಂಗಿ ಎಂಬ ಮ್ಯಾಡಮ್ ಬಂದು ಇಂಥ ಮಕ್ಕಳ ಕೈಗೆ ಥೆರಪಿ ಮಾಡುತ್ತಿದ್ದರು. ನನ್ನ ಬೈಕಿನ ಮೇಲೆ ಮೂವರೂ ಹೋದೆವು. ಶುಭಾಂಗಿ ಉಜ್ವಲಾಳ ಹೆಬ್ಬೆರಳನ್ನು ಮೆಲ್ಲಗೆ ಬಿಡಿಸಿ, ಮುಷ್ಟಿಯನ್ನು ಅವಸರವಿಲ್ಲದೆ ಬಿಚ್ಚಿ, ಅಂಗೈಯನ್ನು ತಮ್ಮ ಅಂಗೈ ಮೇಲೆ ಇಟ್ಟುಕೊಂಡು ಕುಳಿತರು.

"ಕೈ ಸತ್ತಿಲ್ಲರಿ ಆಯಿ. ಎಡಗೈನ ಎಲ್ಲಾ ಮಾಡತೈತಿ ಅಂತ ಮೆದುಳ ಇದನ್ನ ಮರತೈತಿ" ಎಂದರು.

ಉಪಾಯವನ್ನೂ ಹೇಳಿದರು. ಬೆರಳು ಹೊರಬರದಂತೆ ಹೊಲಿದ ಬಟ್ಟೆಯ ಗವಸನ್ನು ದಿನಾ ಒಂದು ತಾಸು ಎಡಗೈಗೆ ಕಟ್ಟಬೇಕು. ಆ ಹೊತ್ತಿನಲ್ಲಿ ಆಡುವುದಿರಲಿ, ಉಣ್ಣುವುದಿರಲಿ, ಬಲಗೈಯಿಂದಲೇ ಆಗಬೇಕು. ಹೀಗೇ ಬಿಟ್ಟರೆ ಬೆಳೆಯುತ್ತ ಬೆಳೆಯುತ್ತ ಬೆರಳು ಮುಚ್ಚಿಕೊಂಡೇ ಸೆಟೆದುಹೋಗುತ್ತವೆ, ಆಮೇಲೆ ಬಿಡಿಸುವುದು ಕಷ್ಟ.

ವಾಪಸು ಬಂದು ಮನೆಯ ಮುಂದೆ ಇಳಿದ ಮೇಲೆ ಲಗಮವ್ವ, "ಬಾಪು, ನಾ ಹ್ವಾದ ಮ್ಯಾಲ ಇಕಿಗೆ ಯಾರ ತಿನಸತಾರ?" ಎಂದಳು. ಬೈಕಿಗೆ ಸ್ಟ್ಯಾಂಡ್ ಹಾಕಿದೆ.

ಮಾರನೆಯ ದಿನದಿಂದಲೇ ಗವಸು ಕಟ್ಟುವುದು ಶುರುವಾಯಿತು. ದಿನ ತಪ್ಪಲಿಲ್ಲ, ಹೊತ್ತು ತಪ್ಪಲಿಲ್ಲ. ಒಂದೆರಡು ತಿಂಗಳಾದರೂ ಬಲಗೈ ಮಾತ್ರ ಎದೆ ಬಿಟ್ಟು ಕದಲಲಿಲ್ಲ. ಬದಲಾದದ್ದು ಕೂಸಿನ ಗಲ್ಲ, ಅವು ದುಂಡಗಾದವು. ರಾಯಬಾಗದಲ್ಲಿ ಶುಭಾಂಗಿ ಆ ಗಲ್ಲಗಳನ್ನು ಸ್ವಲ್ಪ ಹೊತ್ತು ನೋಡಿ, ಮುಂದಿನ ವಾರ ಊರಿಗೇ ಬರುತ್ತೇನೆ ಎಂದರು.

ಬಂದರು. ಅವರು ಕಂಡದ್ದು ಇಷ್ಟು: ಉಜ್ವಲಾ ಗವಸಿನ ಕೈಯನ್ನು ಮುಂದೆ ಚಾಚಿಕೊಂಡು, ಮೆಹಂದಿ ಹಚ್ಚಿಸಿಕೊಂಡ ಮದುಮಗಳ ಹಾಗೆ ಹೊರಸಿನ ಮೇಲೆ ಕುಳಿತಿದ್ದಳು. ಲಗಮವ್ವ ರೊಟ್ಟಿ ತಿನ್ನಿಸುತ್ತಿದ್ದಳು. ಎದುರು ಮನೆಯ ತುಳಸವ್ವ ಶಿರಾ ಹಿಡಿದುಕೊಂಡು ತನ್ನ ಪಾಳಿಗೆ ಕಾಯುತ್ತಿದ್ದಳು. ಕೈ ಕಟ್ಟಿಹಾಕಿದ ಕೂಸನ್ನು ಹಸಿದು ಕೂಡಿಸುವಷ್ಟು ಗಟ್ಟಿ ಎದೆ ನಮ್ಮ ಓಣಿಯಲ್ಲಿ ಯಾರಿಗೂ ಇರಲಿಲ್ಲ. ಗವಸು ಕಟ್ಟುವುದು ಔಷಧ, ತಿನ್ನಿಸುವುದು ಪಥ್ಯ ಎಂದು ಎಲ್ಲರೂ ಸೇರಿ ತಿಳಿದುಕೊಂಡಿದ್ದರು.

ಶುಭಾಂಗಿ ಸಿಟ್ಟಾಗಲಿಲ್ಲ. ಸಿಟ್ಟಾಗಲು ಬಿಡುವೂ ಸಿಗಲಿಲ್ಲ, ಅವರ ಮುಂದೆ ತಾಟು ಬಂದಿತ್ತು. ಉಂಡು, ಕೈ ತೊಳೆದುಕೊಂಡು, ನನ್ನ ಹೆಗಲ ಮೇಲಿನ ಟವೆಲ್ ಕೇಳಿ ತೆಗೆದುಕೊಂಡರು.

"ಆಕಿ ಎಡಗೈ ಕಟ್ಟಿದ ಹೊತ್ತಿನ್ಯಾಗ ನಿಮ್ಮ ಬಲಗೈನೂ ಕಟ್ಟಬೇಕ್ರಿ ಆಯಿ."

ಲಗಮವ್ವ ರೊಟ್ಟಿ ಬಡಿಯುವವರು ಯಾರು ಎಂದಳು, ಬಡಿದ ಮೇಲೆ ಕಟ್ಟಿರಿ ಎಂದರು. ಹಾಲು ಹಿಂಡುವವರು ಯಾರು ಎಂದಳು, ಹಿಂಡಿದ ಮೇಲೆ ಎಂದರು. ಕಡೆಗೆ, "ಮತ್ತ ನಾ ಹೆಂಗ ಉಣ್ಣಲಿ?" ಎಂದಳು.

"ಎಡಗೈ ಐತೆಲ್ರಿ."

ನಾಯಿಯ ಬೋಗುಣಿಯಲ್ಲಿ ಉಣ್ಣೆಂದು ಹೇಳಿದ ಹಾಗೆ ಲಗಮವ್ವ ಅವರನ್ನು ನೋಡಿದಳು. ಆದರೆ ಟವೆಲಿಗೆ ಕೈ ಕೊಟ್ಟಳು. ನನ್ನನ್ನು ಬಾಗಿಲಿಗೆ ಕಾವಲು ಕೂಡಿಸಿ ಶುಭಾಂಗಿ ನಿಪ್ಪಾಣಿಗೆ ಹೋದರು.

ಆಮೇಲಿನ ದಿನಗಳ ಬಗ್ಗೆ ಹೆಚ್ಚು ಹೇಳುವುದು ಬೇಡ. ಮಧ್ಯಾಹ್ನ ಗಿರಣಿ ಬಂದ್ ಮಾಡಿ ನಾನೇ ಇಬ್ಬರ ಕೈಯನ್ನೂ ಕಟ್ಟಿ ಹೊಸ್ತಿಲ ಮೇಲೆ ಕೂಡುತ್ತಿದ್ದೆ. ಶಿರಾ ತಂದ ತುಳಸವ್ವನನ್ನು ವಾಪಸು ಕಳಿಸಿದೆ; ಆಕೆ ಇವತ್ತಿಗೂ ನನ್ನ ಗಿರಣಿಗೆ ಜೋಳ ಕಳಿಸುವುದಿಲ್ಲ. ಒಳಗೆ ಒಂದೇ ತಾಟು, ಅದರ ಆಚೆಗೊಬ್ಬಳು, ಈಚೆಗೊಬ್ಬಳು. ಉಜ್ವಲಾ ರೂಢಿಯಂತೆ ಬಾಯಿ ತೆರೆದು ಕಾಯುತ್ತಿದ್ದಳು. ಏನೂ ಬರಲಿಲ್ಲವೆಂದರೆ ಅಳುತ್ತಿದ್ದಳು. ಲಗಮವ್ವ ಗೋಡೆಯ ಕಡೆ ಮುಖ ತಿರುಗಿಸಿ ನನ್ನನ್ನೂ ಶುಭಾಂಗಿಯನ್ನೂ ಒಟ್ಟಿಗೇ ಬೈಯುತ್ತಿದ್ದಳು. ತಾಸು ಮುಗಿದು ಗಂಟು ಬಿಚ್ಚಿದ ಕೂಡಲೇ ಕೂಸಿಗೆ ದುಪ್ಪಟ್ಟು ತಿನ್ನಿಸುತ್ತಿದ್ದಳು. ಹಾಗಿದ್ದರೂ ಉಜ್ವಲಾಳ ಬಲಗೈ ಒಂದಿಷ್ಟು ಕೆಳಗಿಳಿದಿತ್ತು. ತಾಟಿನ ಅಂಚಿನವರೆಗೆ ಬಂದು, ರೊಟ್ಟಿಯನ್ನು ಮುಷ್ಟಿಯಿಂದ ದೂಡಿ, ಹಿಂದಕ್ಕೆ ಹೋಗುತ್ತಿತ್ತು.

ಒಂದು ದಿನ ಆಡೊಂದು ತಪ್ಪಿಸಿಕೊಂಡಿತೆಂದು ಲಗಮವ್ವ ಬೆಳಗಿನಿಂದ ಹೊಲ ಹೊಲ ಸುತ್ತಿ ಬಂದಳು. ಹೊಟ್ಟೆಗೆ ಚಹಾ ಕೂಡ ಬಿದ್ದಿರಲಿಲ್ಲ. ಮೊದಲು ಉಣ್ಣು ಕಾಕು, ಇವತ್ತು ತಡವಾಗಿ ಕಟ್ಟೋಣ ಎಂದೆ. ಹೊತ್ತು ತಪ್ಪಬಾರದೆಂದು ಹೇಳಿದ್ದಾರೆ, ಕಟ್ಟು ಎಂದಳು. ಕಟ್ಟಿದೆ.

ತಾಟಿನಲ್ಲಿ ಬಿಸಿ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಇದ್ದವು. ಲಗಮವ್ವ ಅವನ್ನು ನೋಡಿದಳು, ಉಗುಳು ನುಂಗಿದಳು, ತನ್ನ ಎಡಗೈ ನೋಡಿಕೊಂಡಳು, ಅದನ್ನು ಸೆರಗಿನೊಳಗೆ ಮುಚ್ಚಿಕೊಂಡಳು. ಅಷ್ಟು ಜನರಿಗೆ ಉಣಿಸಿದ ಹೆಂಗಸು ತುಂಬಿದ ತಾಟಿನ ಮುಂದೆ ಹಸಿದು ಕುಳಿತದ್ದು ನೋಡಲಾಗಲಿಲ್ಲ. ಎದ್ದು ಟವೆಲ್ ಬಿಚ್ಚಿಬಿಡಬೇಕು ಅನ್ನಿಸಿತು.

ಉಜ್ವಲಾ ಬಾಯಿ ತೆರೆದಿದ್ದಳು. ಆಯಿಯ ಮುಖ ನೋಡುತ್ತ ನೋಡುತ್ತ ಬಾಯಿ ಮುಚ್ಚಿದಳು.

"ಆಯಿ, ಹಸಿವಾಗೇತೇನ?"

"ಇಲ್ಲಬೇ" ಎಂದಳು ಲಗಮವ್ವ.

ಉಜ್ವಲಾಳ ಬಲಗೈ ಎದೆ ಬಿಟ್ಟು ಇಳಿಯಿತು. ಮುಷ್ಟಿಯನ್ನು ತಾಟಿನ ಅಂಚಿಗೆ ತಿಕ್ಕಿ ತಿಕ್ಕಿ ಬೆರಳು ಸಡಿಲಿಸಿಕೊಂಡಳು. ರೊಟ್ಟಿಯ ಚೂರೊಂದು ಹೆಬ್ಬೆರಳ ಬುಡಕ್ಕೆ ಸಿಕ್ಕಿತು, ಜಾರಿತು, ಮತ್ತೆ ಸಿಕ್ಕಿತು. ಕೈ ನಡುಗುತ್ತ ಮೇಲೆದ್ದು, ಚೂರನ್ನು ಮೊದಲು ಆಯಿಯ ಗಲ್ಲಕ್ಕೆ ಒರೆಸಿ, ಮೂಗಿಗೆ ಚಟ್ನಿ ಹಚ್ಚಿ, ಕಡೆಗೆ ಬಾಯಿಗೆ ತುರುಕಿತು. ನನಗೆ ಕಣ್ಣಲ್ಲಿ ನೀರು ಬಂತು. ಚಟ್ನಿಯ ಖಾರವೆನ್ನಲು ನಾನೇನೂ ತಿಂದಿರಲಿಲ್ಲ.

ಲಗಮವ್ವ ಅಗಿಯಲಿಲ್ಲ, ಬಹಳ ಹೊತ್ತು ಹಾಗೇ ಬಾಯಲ್ಲಿಟ್ಟುಕೊಂಡಿದ್ದಳು. ನುಂಗಿದ ಮೇಲೆ ಮೂಗಿನ ಚಟ್ನಿಯನ್ನು ಸೆರಗಿನಿಂದ ಒರೆಸಿಕೊಂಡಳು.

"ಸಾಕವ್ವಾ. ನನಗ ಹೊಟ್ಟಿ ತುಂಬೇತಿ."

ಆ ಮನೆಯಲ್ಲಿ ಈ ಮಾತನ್ನು ಯಾರೂ ಯಾವತ್ತೂ ನಂಬಿದ್ದಿಲ್ಲ. ಉಜ್ವಲಾ ಆಗಲೇ ಇನ್ನೊಂದು ಚೂರಿಗೆ ಕೈ ಹಾಕಿದ್ದಳು.