ಕದದ ಹಿಂದಿನ ಸಜ್ಜಕ

ಹಾನಗಲ್ಲಿನ ನಮ್ಮ ಮನೆಯಲ್ಲಿ ಅಕ್ಕನ ಬಟ್ಟೆ ತಂಗಿಗೆ ಇಳಿಯುತ್ತಿರಲಿಲ್ಲ. ತಂಗಿಯ ಲಂಗ ಅಕ್ಕನಾದ ನನಗೆ ಏರಿಬರುತ್ತಿತ್ತು. ಅವಳು ನನಗಿಂತ ಮೂರು ವರ್ಷ ಚಿಕ್ಕವಳು, ಮೂರು ಬೆರಳು ಎತ್ತರ. ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ನಾಲ್ಕು ವರ್ಷ ಮೊದಲನೆಯ ಸ್ಥಾನ ನನ್ನದೇ. ಓದಿನಲ್ಲಿ ಅಂಥ ಗೌರವ ಎಂದೂ ದೊರೆಯಲಿಲ್ಲ.

ಐವತ್ತರ ದಶಕದ ಕೊನೆಯ ಮಾತು. ಅವ್ವ ನನ್ನ ಗಿಡ್ಡತನಕ್ಕೊಂದು ಮದ್ದು ಕಂಡುಕೊಂಡಿದ್ದಳು: ಗೋಧಿ. ಉಳಿದವರಿಗೆಲ್ಲ ಜೋಳದ ರೊಟ್ಟಿ. ನನಗೊಬ್ಬಳಿಗೆ ಎರಡು ಹೊತ್ತೂ ಗೋಧಿ ರವೆಗೆ ಬೆಲ್ಲ ಹಾಕಿ ಬೇಯಿಸಿದ ಸಜ್ಜಕ, ಮೇಲೆ ತುಪ್ಪ. ಹಬ್ಬದೂಟವನ್ನು ದಿನಾ ಉಣ್ಣುವವಳ ಮೇಲೆ ಒಡಹುಟ್ಟಿದವರ ಕಣ್ಣು ಬೀಳಬಾರದೆಂದು ನನ್ನನ್ನು ಒಳಕೋಣೆಯ ಕದದ ಹಿಂದೆ, ಗೋಡೆಗೆ ಮುಖ ಮಾಡಿ ಕೂಡಿಸುತ್ತಿದ್ದಳು. ಪಡಸಾಲೆಯಲ್ಲಿ ಅವರು ನಗುವುದು ಕೇಳುತ್ತಿತ್ತು. ನನಗೆ ಗೋಡೆಯ ಸಹಪಂಕ್ತಿ. ಗೋಡೆ ಸಭ್ಯ, ನನ್ನ ತಾಟಿನೊಳಗೆ ಎಂದೂ ಇಣುಕಲಿಲ್ಲ.

ಹೊಟ್ಟೆ ಮಾತ್ರ ಉಬ್ಬುತ್ತಿತ್ತು, ವಾರಕ್ಕೆ ನಾಲ್ಕು ದಿನ ಕೆಡುತ್ತಿತ್ತು. "ಯಾರದೋ ಕಣ್ಣು ತಾಗೇತಿ," ಎಂದು ಅವ್ವ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿ, ಮತ್ತೊಂದು ಸೌಟು ಬಡಿಸುತ್ತಿದ್ದಳು.

ಒಂದು ವರ್ಷ ಹಿರೇಕೆರೂರಿನ ತವರಿನಲ್ಲಿ ಅವಳ ತಾಯಿ ಹಾಸಿಗೆ ಹಿಡಿದರು. ಆರೈಕೆಗೆ ಹೋದ ಅವ್ವ ಆರು ತಿಂಗಳು ಬರಲಿಲ್ಲ. ಅಡಿಗೆ ಅಪ್ಪನ ತಾಯಿ, ನಮ್ಮ ಆಯಿಯ ಕೈಗೆ ಬಂತು.

"ಒಬ್ಬಾಕಿ ಸಲುವಾಗಿ ಬ್ಯಾರೆ ಅಡಿಗಿ ಮಾಡಾಕ ನನ್ನ ಕೈಲೆ ಆಗೂದಿಲ್ಲವಾ. ನೀ ಏನ್ ದೇಸಾಯರ ಮಗಳೇನ? ಬಾ, ಎಲ್ಲಾರ ಕೂಡ ಕುಂದರು."

ಕುಳಿತೆ. ರೊಟ್ಟಿ, ಪುಂಡಿಪಲ್ಲೆ, ತಮ್ಮನ ಮೊಣಕೈ ತಿವಿತ. ಹೊಟ್ಟೆ ಸುಮ್ಮನಾಯಿತು. ಬಾಗಿಲ ಚೌಕಟ್ಟಿನ ಮೇಲೆ ಅಪ್ಪ ಇದ್ದಿಲಿನಿಂದ ಎಳೆಯುತ್ತಿದ್ದ ನನ್ನ ಗೆರೆ ಎರಡು ಬೆರಳು ಮೇಲೇರಿತು.

ಗೋಧಿ ಕೆಲವರ ಕರುಳನ್ನೇ ಕೆಡಿಸುತ್ತದೆ, ಅದಕ್ಕೆ ಸೀಲಿಯಾಕ್ ಎನ್ನುತ್ತಾರೆ, ಮಕ್ಕಳು ಗಿಡ್ಡಗೆ ಉಳಿಯಲು ಅದೂ ಒಂದು ಕಾರಣವಿರಬಹುದು ಎಂದು ವೈದ್ಯರೊಬ್ಬರು ಹೇಳುವ ಹೊತ್ತಿಗೆ ನನ್ನ ತಲೆ ನರೆತಿತ್ತು, ಅವ್ವ ಇರಲಿಲ್ಲ. ಹೆಸರು ಗೊತ್ತಿಲ್ಲದಿದ್ದರೂ ಸಂಗತಿ ನನ್ನ ಹೊಟ್ಟೆಗೆ ಅಂದೇ ಅರ್ಧ ತಿಳಿದಿತ್ತು.

ಮರಳಿದ ದಿನ ಅವ್ವ ತಲೆಯ ಮೇಲಿನ ಗಂಟು ಇಳಿಸಿದವಳೇ ನನ್ನನ್ನು ಚೌಕಟ್ಟಿಗೆ ನಿಲ್ಲಿಸಿದಳು. ಹಳೆಯ ಗೆರೆ, ಹೊಸ ಗೆರೆ ಎರಡನ್ನೂ ಮುಟ್ಟಿ ನೋಡಿದಳು. ಕಣ್ಣಲ್ಲಿ ನೀರು.

"ನೋಡ್ರಿ ಅತ್ತಿ, ನಾ ತಿನಿಸಿದ್ದು ಈಗ ಮೈಗ ಹತ್ತೇತಿ."

ಆಯಿ ನನ್ನ ಮುಖ ನೋಡಿದಳು. "ಏನವಾ, ಖರೇನ?"

ಹೇಳಬಹುದಿತ್ತು. ಆದರೆ ಗಂಟು ಬಿಚ್ಚಿತ್ತು. ಅದರ ತುಂಬ ತವರಿನಿಂದ ಹೊತ್ತು ತಂದ ಗೋಧಿ.

"ಹೌದ್ರಿ ಆಯಿ," ಎಂದೆ.

ಮರುದಿನ ಕದದ ಹಿಂದೆ ಹೋಗಿ ಕುಳಿತೆ. ಪಡಸಾಲೆಯಲ್ಲಿ ತಮ್ಮ ನನ್ನ ಜಾಗಕ್ಕೆ ಸರಿದು ಕುಳಿತದ್ದು ಸದ್ದಿನಲ್ಲೇ ತಿಳಿಯಿತು.